ಗೃಹಸ್ಥರ ವ್ಯವಹಾರ: ಅಪಘಾತದ ಪರಿಹಾರವೂ ವಕೀಲರ ಆಯ್ಕೆಯೂ

ರಸ್ತೆಯ ಅಪಘಾತವು ಒಂದು ಸಂಸಾರಕ್ಕೆ ತಂದೊಡ್ಡುವ ಕಷ್ಟವು ಒಂದೇ ಬಗೆಯದಲ್ಲ. ದುಡಿಯುವ ಯಜಮಾನನು ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಾಗ, ಅಥವಾ ಮನೆಗೆ ತಿರುಗಿ ಬಾರದೆಯೇ ಹೋದಾಗ, ಅಳುವುದಕ್ಕೂ ಬಿಡುವಿಲ್ಲದಂತೆ ಕಾಗದಪತ್ರಗಳ ಭಾರವೆಲ್ಲ ಹೆಂಡತಿಯ ಅಥವಾ ವೃದ್ಧ ತಂದೆಯ ತಲೆಯ ಮೇಲೆ ಬೀಳುತ್ತದೆ. ಅಂಥ ಹೊತ್ತಿನಲ್ಲಿಯೇ ವಾರ್ಡಿನ ಬಾಗಿಲಲ್ಲಿ ಅಪರಿಚಿತನೊಬ್ಬನು ಕಾಣಿಸಿಕೊಳ್ಳುವುದುಂಟು. ಅವನದು ಬಹು ಮೃದುವಾದ ಮಾತು. “ಅಮ್ಮಾ, ನೀವೇನೂ ಚಿಂತಿಸಬೇಡಿ. ನಮ್ಮ ವಕೀಲರು ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಈಗ ಒಂದು ಕಾಸೂ ಬೇಡ. ಪರಿಹಾರ ಬಂದ ಮೇಲೆ ಅದರಲ್ಲಿ ಪಾಲು ಕೊಟ್ಟರೆ ಸಾಕು. ಇಲ್ಲೊಂದು ರುಜು ಹಾಕಿ” ಎನ್ನುತ್ತಾನೆ. ಈ ತಿಂಗಳು ವಾಚಕರಲ್ಲಿ ನಾವು ಅರಿಕೆ ಮಾಡಬೇಕೆಂದಿರುವುದು ಆ ರುಜುವಿನ ವಿಷಯವನ್ನೇ.

ಆ ರುಜುವನ್ನು ಹಾಕಕೂಡದು. ವಕೀಲರು ದಲ್ಲಾಳಿಗಳ ಮೂಲಕ ಕಕ್ಷಿಗಾರರನ್ನು ಹುಡುಕಿಸಕೂಡದೆಂದೂ, ಬರುವ ಹಣದಲ್ಲಿ ಪಾಲಿಗೆ ಒಪ್ಪಂದ ಮಾಡಿಕೊಳ್ಳಕೂಡದೆಂದೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಸ್ಪಷ್ಟವಾಗಿ ವಿಧಿಸಿವೆ. ಅಮೆರಿಕದಲ್ಲಿ ಗಾಯಾಳುಗಳ ವಕೀಲರು ಪಾಲಿನ ಮೇಲೆ ಕೆಲಸ ಮಾಡುವುದು ವಾಡಿಕೆ. ನಮ್ಮ ದೇಶದಲ್ಲಿ ಅದು ನಿಷಿದ್ಧ. ತನ್ನ ವೃತ್ತಿಯ ಮೊದಲ ನಿಯಮವನ್ನೇ ಮುರಿದು ಬರುವವನು ನಮ್ಮ ಹಣವನ್ನು ಧರ್ಮದಿಂದ ಕಾಯುವನೆಂದು ನಂಬುವುದು ಹೇಗೆ?

ಪಾಲೆಂದರೆ ಎಷ್ಟೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ. 34 ವರ್ಷದ ದರ್ಜಿಯೊಬ್ಬನು ತೀರಿಕೊಂಡನೆಂದೂ, ಅವನ ಸಂಪಾದನೆ ತಿಂಗಳಿಗೆ 15,000 ರೂಪಾಯಿಯೆಂದೂ, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಹೀಗೆ ನಾಲ್ವರು ಅವನನ್ನು ನೆಚ್ಚಿದ್ದರೆಂದೂ ಇಟ್ಟುಕೊಳ್ಳೋಣ. ಸರ್ವೋಚ್ಚ ನ್ಯಾಯಾಲಯವು 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಹಾಕಿಕೊಟ್ಟ ಕ್ರಮದಂತೆ, ಮುಂದೆ ಹೆಚ್ಚಬಹುದಾಗಿದ್ದ ವರಮಾನಕ್ಕೆಂದು ನೂರಕ್ಕೆ 40ರಂತೆ ಸೇರಿಸಿದರೆ 21,000. ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆದರೆ 15,750. ಇದನ್ನು 12 ತಿಂಗಳಿಂದಲೂ, ಅವನ ವಯಸ್ಸಿಗೆ ಗೊತ್ತುಮಾಡಿರುವ 16ರ ಗುಣಕದಿಂದಲೂ ಗುಣಿಸಿದರೆ 30,24,000 ರೂಪಾಯಿಯಾಗುತ್ತದೆ. ಇದರಲ್ಲಿ ನೂರಕ್ಕೆ ಮೂವತ್ತರ ಪಾಲೆಂದರೆ ಒಂಬತ್ತು ಲಕ್ಷಕ್ಕೂ ಮಿಕ್ಕಿತು! ಆ ಮಕ್ಕಳ ಓದು ಅಷ್ಟರಲ್ಲಿಯೇ ಇದೆ.

ಇದೇ ಲೆಕ್ಕವು ಇನ್ನೊಂದು ಮಾತನ್ನೂ ತೋರಿಸುತ್ತದೆ. ಸಂಪಾದನೆಗೆ ಸರಿಯಾದ ಪುರಾವೆಯಿಲ್ಲದೆ ನ್ಯಾಯಾಧೀಶರು 10,000ವನ್ನೇ ಒಪ್ಪಿದರೆ ಮೊತ್ತವು 20,16,000ಕ್ಕೆ ಇಳಿಯುತ್ತದೆ. ಆದುದರಿಂದ ಒಳ್ಳೆಯ ವಕೀಲರನ್ನು ಅವರ ಮಾತುಗಾರಿಕೆಯಿಂದ ಅಳೆಯದೆ, ಅವರು ಕೇಳುವ ಪ್ರಶ್ನೆಗಳಿಂದ ಅಳೆಯಬೇಕೆಂಬುದು ನಮ್ಮ ಅಭಿಪ್ರಾಯ. ಬ್ಯಾಂಕಿನ ಪಾಸ್‌ಬುಕ್ಕು ಎಲ್ಲಿದೆ, ಅಂಗಡಿಯ ಲೆಕ್ಕದ ಪುಸ್ತಕವಿದೆಯೇ, ಗಾಯಾಳು ಯಾವ ಕೈಯಿಂದ ಕೆಲಸ ಮಾಡುತ್ತಿದ್ದನು ಎಂದು ಕೇಳುವವರು ಕೆಲಸ ಬಲ್ಲವರು. ಎಡಗೈ ಕಳೆದುಕೊಂಡ ಬಡಗಿಗೆ ಜೀವನೋಪಾಯವೆಲ್ಲ ಹೋದಂತಾದರೂ, ಅದೇ ನಷ್ಟವುಂಟಾದ ಸರ್ಕಾರಿ ಗುಮಾಸ್ತನು ಕೆಲಸದಲ್ಲಿ ಉಳಿಯಬಹುದು; ವೈದ್ಯರು ಬರೆದುಕೊಟ್ಟ ಅಂಗವೈಕಲ್ಯದ ಅಂಕಿಯೊಂದನ್ನೇ ನೋಡದೆ ದುಡಿಮೆಗೆ ಆದ ಹಾನಿಯನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ವಿವರಿಸಿದೆ. ಅಪಘಾತಕ್ಕೆ ಸಿಕ್ಕಿದವಳು ಗೃಹಿಣಿಯಾದರೆ “ಸಂಪಾದನೆ ಇಲ್ಲ” ಎಂದು ಬರೆದು ಮುಗಿಸುವ ವಕೀಲರನ್ನು ದೂರವಿಡಿರಿ. ಮನೆಗೆಲಸಕ್ಕೂ ವರಮಾನ ಕಟ್ಟತಕ್ಕದ್ದೆಂದು 2021ರಲ್ಲಿ ಅದೇ ನ್ಯಾಯಾಲಯವು ಹೇಳಿದೆ. (ಹೇಳುವುದಕ್ಕೆ ಅಷ್ಟು ಕಾಲವೇಕೆ ಬೇಕಾಯಿತೋ!)

ಇಂಥವರನ್ನು ಹುಡುಕುವುದೆಲ್ಲಿ? ದೂರದ ದೊಡ್ಡ ಹೆಸರುಗಳ ಬೆನ್ನು ಹತ್ತುವುದು ಅನಾವಶ್ಯಕ. ಅಪಘಾತ ನಡೆದ ಸ್ಥಳದಲ್ಲಿಯೇ ದಾವೆ ಹೂಡಬೇಕೆಂಬ ನಿರ್ಬಂಧವಿಲ್ಲ. ಅರ್ಜಿದಾರರು ವಾಸಿಸುವ ಊರಿನ ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣದಲ್ಲಿಯೂ ಹೂಡಬಹುದು. ಪುಣೆಯ ಹೆದ್ದಾರಿಯಲ್ಲಿ ಪೆಟ್ಟು ಬಿದ್ದರೂ ಹಾಸನದವರು ಹಾಸನದಲ್ಲಿಯೇ ನ್ಯಾಯ ಕೇಳಬಹುದು. ಆದುದರಿಂದ ನಿಮ್ಮ ನ್ಯಾಯಾಲಯಕ್ಕೆ ಒಂದು ದಿನ ನೀವೇ ಹೋಗಿ ಅಪಘಾತದ ಮೊಕದ್ದಮೆಗಳು ನಡೆಯುವ ಕೋಣೆಯಲ್ಲಿ ಕುಳಿತು ನೋಡಿರಿ. ಯಾರು ಕಡತ ಓದಿಕೊಂಡು ಬಂದಿದ್ದಾರೆ, ಯಾರು ಬರಿದೆ ವಾಯಿದೆ ಕೇಳುತ್ತಾರೆ ಎಂಬುದು ಅರ್ಧ ದಿನದಲ್ಲಿ ತಿಳಿಯುತ್ತದೆ. ಇಂಥ ಮೊಕದ್ದಮೆ ನಡೆಸಿ ಮುಗಿಸಿದ ನೆರೆಹೊರೆಯವರನ್ನೂ ವಿಚಾರಿಸಬಹುದು.

ಕೈಯಲ್ಲಿ ಹಣವಿಲ್ಲವೆಂದು ದಲ್ಲಾಳಿಗೆ ಶರಣಾಗಬೇಕಾದುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಅಲ್ಪ ವರಮಾನದವರಿಗೆ ಸರ್ಕಾರದ ವೆಚ್ಚದಿಂದ ವಕೀಲರು ದೊರೆಯುತ್ತಾರೆ. ಸ್ತ್ರೀಯಾದವಳಿಗೆ ವರಮಾನದ ಮಿತಿಯೂ ಇಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಚೇರಿಯನ್ನು ಕೇಳಿರಿ, ಅಥವಾ 15100ಕ್ಕೆ ದೂರವಾಣಿ ಮಾಡಿರಿ.

ಆದರೆ ಆಯ್ಕೆಯ ನೆಪದಲ್ಲಿ ಕಾಲಹರಣ ಸಲ್ಲದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅಪಘಾತದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆನ್ನುತ್ತದೆ. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿವೆಯಾದರೂ, ಆ ಭರವಸೆಯಲ್ಲಿ ದಿನ ತಳ್ಳುವುದು ಜಾಣತನವಲ್ಲ. ಪೊಲೀಸರ ಪ್ರಥಮ ವರ್ತಮಾನ ವರದಿ, ಮಹಜರು, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಡುಗಡೆ ಚೀಟಿ, ಔಷಧದ ಪ್ರತಿಯೊಂದು ರಸೀದಿ ಇವುಗಳ ಮೂಲಪ್ರತಿಗಳನ್ನು ಮನೆಯ ಪೆಟ್ಟಿಗೆಯಲ್ಲಿ ಜೋಪಾನ ಮಾಡಿ ನಕಲುಗಳನ್ನು ವಕೀಲರಿಗೆ ಕೊಡಿರಿ. ಮೂಲವನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವ ದಿನ ಕೊಟ್ಟರಾಯಿತು. ಫೀಜು ಎಷ್ಟು, ಯಾವ ಹಂತದಲ್ಲಿ ಎಷ್ಟು ಎಂಬುದನ್ನು ಮೊದಲೇ ಬರೆಯಿಸಿಕೊಂಡು, ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ವಕಾಲತ್ತುನಾಮೆಯನ್ನು ಓದಿಸಿ ಕೇಳಿದ ಮೇಲೆಯೇ ರುಜು. ಬರಿಯ ಕಾಗದಕ್ಕಾಗಲಿ ಚೆಕ್ಕಿಗಾಗಲಿ ರುಜು ಎಂದಿಗೂ ಬೇಡ.

ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಹಣ ಬೇಗ ಕೈಸೇರುವುದು ನಿಜ. ಆದರೆ ಅಲ್ಲಿಯ ತೀರ್ಮಾನದ ಮೇಲೆ ಅಪೀಲು ಇಲ್ಲವಾದ್ದರಿಂದ, ಮೇಲಿನ ಲೆಕ್ಕವನ್ನು ಮನೆಯಲ್ಲಿ ಹಾಕಿಕೊಂಡೇ ಹೋಗುವುದು ಲೇಸು.

ವಕೀಲರ ಮೇಲೆ ವಿಶ್ವಾಸ ತಪ್ಪಿದರೆ ಬದಲಾಯಿಸುವ ಹಕ್ಕು ನಿಮ್ಮದು. ಫೀಜು ಬಾಕಿಯಿದೆಯೆಂದು ಕಡತವನ್ನು ಹಿಡಿದಿಟ್ಟುಕೊಳ್ಳಕೂಡದೆಂದು 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದೆ. ಹಾಗೆ ಹಿಡಿದಿಟ್ಟರೆ, ಅಥವಾ ಪಾಲು ಕೇಳಿದರೆ, ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಲಿಖಿತವಾಗಿ ದೂರು ಸಲ್ಲಿಸಬಹುದು. ಇನ್ನು ಅಪ್ರಾಪ್ತ ಮಕ್ಕಳ ಪಾಲನ್ನು ನ್ಯಾಯಾಧಿಕರಣವು ಸಾಮಾನ್ಯವಾಗಿ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತದೆ. ಆ ಠೇವಣಿಯ ಪತ್ರ ಯಾರ ಹೆಸರಿನಲ್ಲಿದೆ, ಯಾವ ಶಾಖೆಯಲ್ಲಿದೆ, ಬಡ್ಡಿ ಯಾವ ಖಾತೆಗೆ ಬರುತ್ತದೆ ಎಂಬುದನ್ನು ತಾಯಿಯಾದವಳು ತಾನೇ ಬ್ಯಾಂಕಿಗೆ ಹೋಗಿ ನೋಡಿಕೊಂಡು ಬರತಕ್ಕದ್ದು.