ಲೋಟದ ಬೆಲೆಗೆ ಅಂತರ್ಜಾಲ

ಬ್ರಿಗೇಡ್ ರಸ್ತೆಯಲ್ಲಿ 1996ರಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಕಾಫಿಯ ಜೊತೆಗೆ ಅಂತರ್ಜಾಲವೂ ಮಾರಾಟದ ಸರಕಾಗಿತ್ತು. ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಾಫಿ ಮಳಿಗೆಗಳಲ್ಲಿ ವೈಫೈ ಉಚಿತ. ಆದರೆ ಲೋಟವೊಂದಕ್ಕೆ ಸುಮಾರು 200 ರೂಪಾಯಿ ತೆತ್ತವರಿಗಷ್ಟೇ. ಅವನ್ನೆಲ್ಲ ಸುತ್ತಿ ಪೀಣ್ಯಕ್ಕೆ ಬಂದ ನನಗೆ ದೊರೆತದ್ದು ದರ್ಶಿನಿಯೊಂದರ ಸೊಗಸಾದ ಫಿಲ್ಟರ್ ಕಾಫಿ. ಅಲ್ಲಿ ಕೂರಲು ಕುರ್ಚಿಯಿಲ್ಲ, ವೈಫೈಯಂತೂ ಇಲ್ಲ. ಪಕ್ಕದಲ್ಲಿ ನಿಂತಿದ್ದ ಕಾರ್ಮಿಕರೊಬ್ಬರು ಭವಿಷ್ಯನಿಧಿಯ ಅರ್ಜಿ ತುಂಬುತ್ತಿದ್ದಂತೆಯೇ ಮೊಬೈಲಿನ ಅಂದಿನ ಡೇಟಾ ಮುಗಿದು ಕೈಚೆಲ್ಲಿದರು.

ಸಣ್ಣ ಅಂಗಡಿಗಳ ಮೂಲಕವೇ ವೈಫೈ ಒದಗಿಸುವ ಪಿಎಂ-ವಾಣಿ ಯೋಜನೆಗೆ ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲೇ ಒಪ್ಪಿಗೆ ನೀಡಿತು. ಅಂಗಡಿಯವರಿಗೆ ಪರವಾನಗಿಯೂ ಬೇಕಿಲ್ಲ. ಸರ್ಕಾರಿ ಸೇವೆಗಳು ಒಂದೊಂದಾಗಿ ಜಾಲಕ್ಕೆ ಸರಿಯುತ್ತಿರುವಾಗ ಅದರ ಬಾಗಿಲು ದುಬಾರಿ ಕಾಫಿಯ ಹಿಂದಿರಕೂಡದು. ದರ್ಶಿನಿಗಳಿಗೆ ಈ ಯೋಜನೆಯನ್ನು ತಲುಪಿಸುವ ಕೆಲಸ ಪೀಣ್ಯದಿಂದಲೇ ಆರಂಭವಾಗಲಿ.