ಪಶ್ಚಾತ್ತಾಪವೋ, ಆತಂಕವೋ?

ಸೂರ್ಯಾಸ್ತದೊಳಗೆ ಅಡುಗೆ ಮುಗಿಸುವ ಅವಸರದಲ್ಲಿ ಗೃಹಿಣಿಯೊಬ್ಬಳು ನೀರನ್ನು ಸೋಸದೆಯೇ ಒಲೆಗಿಟ್ಟಳೆಂದುಕೊಳ್ಳೋಣ. ಊಟವಾದ ಮೇಲೆ ಅದು ನೆನಪಾಗಿ ಮನಸ್ಸು ಚುಚ್ಚುತ್ತದೆ. ಇದು ಪಶ್ಚಾತ್ತಾಪ. ತಿಂಗಳ ಬಳಿಕ ಆಕೆಯೇ ನಡುರಾತ್ರಿ ಎದ್ದು ಕೂರುತ್ತಾಳೆ: ಇಂದು ನೀರು ಸೋಸಿದೆನೇ? ಅಕ್ಕಿಯಲ್ಲಿ ಕಣ್ತಪ್ಪಿದ ಹುಳುವೊಂದು ಬೆಂದಿದ್ದರೆ? ಕತ್ತಲಲ್ಲಿ ಸೋಸುವ ಬಟ್ಟೆಯನ್ನು ತಡಕುತ್ತಾಳೆ. ಇದು ಆತಂಕ. ಎರಡೂ ನೋಯಿಸುವುದು ಒಂದೇ ಕಡೆಯಾದ್ದರಿಂದ ಎರಡಕ್ಕೂ ಆಕೆ ‘ಮಿಚ್ಛಾ ಮೇ ದುಕ್ಕಡಂ’ ಎನ್ನುತ್ತಾಳೆ. ಮೊದಲನೆಯದು ಶಮನವಾಗುತ್ತದೆ, ಎರಡನೆಯದು ಮರುರಾತ್ರಿ ಮತ್ತೆ ಬರುತ್ತದೆ.

ಇದನ್ನು ಪಾಪಭೀರುತ್ವವೆಂದು ಹೊಗಳುವ ಹಿರಿಯರಿದ್ದಾರೆ. ಶಾಸ್ತ್ರ ಹಾಗೆ ಹೊಗಳುವುದಿಲ್ಲ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಹೇಳುತ್ತದೆ. ಸಮಿತಿಗಳಲ್ಲಿ ಎಚ್ಚರದಿಂದಿರುವವನಿಗೆ ಕೇವಲ ಪ್ರಾಣಹಾನಿಯಿಂದ ಬಂಧವಿಲ್ಲವೆಂದು ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಸ್ಪಷ್ಟಪಡಿಸಿದ್ದಾರೆ. ಅವಸರದ ಸಂಜೆಯಲ್ಲಿ ಪ್ರಮಾದವಿತ್ತು. ನಡುರಾತ್ರಿಯ ಪ್ರಶ್ನೆಗಳಲ್ಲಿ ಅದು ಎಲ್ಲಿದೆ?

ಇನ್ನೂ ಮುಂದೆ ಹೋದರೆ, 6ನೆಯ ಅಧ್ಯಾಯವು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ದುಃಖ, ಶೋಕಗಳೊಡನೆ ‘ತಾಪ’ವನ್ನೂ ಸೇರಿಸಿದೆ. ನಿಂದೆಯೇ ಮೊದಲಾದವುಗಳಿಂದ ಕಲುಷಿತವಾದ ಮನಸ್ಸಿನ ತೀವ್ರ ಬೇಗುದಿಯೇ ತಾಪವೆಂಬುದು ಪೂಜ್ಯಪಾದರ ವಿವರಣೆ. ಅದನ್ನು ಇತರರಲ್ಲಿ ಉಂಟುಮಾಡಿದರೂ ಸರಿ, ತನ್ನಲ್ಲೇ ಉಂಟುಮಾಡಿಕೊಂಡರೂ ಸರಿ, ಆಸ್ರವ ತಪ್ಪದು. ತನ್ನನ್ನು ತಾನು ಬೇಯಿಸಿಕೊಳ್ಳುವುದನ್ನೇ ನಿರ್ಜರೆಯೆಂದು ನಂಬಿದವರು ಈ ಸೂತ್ರವನ್ನು ಮತ್ತೊಮ್ಮೆ ಓದಬೇಕು.

ಬೇರ್ಪಡಿಸುವ ಉಪಾಯವೂ ಪರಂಪರೆಯಲ್ಲೇ ಇದೆ. ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಗುರುವಿನ ಮುಂದೆ ದೋಷವನ್ನು ಮರೆಮಾಚದೆ ನಿವೇದಿಸುವುದು. ನಿವೇದಿಸಲು ದೋಷಕ್ಕೊಂದು ರೂಪ ಬೇಕು: ಏನು ನಡೆಯಿತು, ಎಂದು ನಡೆಯಿತು, ಯಾವ ಜೀವಕ್ಕೆ ನೋವಾಯಿತು? ಪಶ್ಚಾತ್ತಾಪ ಇದಕ್ಕೆ ಉತ್ತರಿಸಬಲ್ಲದು. ಆತಂಕದ ಬಳಿ ‘ನಡೆದಿದ್ದರೆ’ ಎಂಬುದನ್ನು ಬಿಟ್ಟು ಬೇರೆ ಮಾತಿಲ್ಲ. ಅದು ಆರ್ತಧ್ಯಾನಕ್ಕೆ ಹತ್ತಿರ, ಆರ್ತವು ಮೋಕ್ಷಹೇತುವಲ್ಲ.

ತಿರುವುಮುರುವಾದ ಮೋಸವೂ ಉಂಟು. ತೂಕದಲ್ಲಿ ಕಡಿಮೆ ಕೊಟ್ಟ ವ್ಯಾಪಾರಿ ತನ್ನ ನಿದ್ರಾಭಂಗವನ್ನು ‘ಟೆನ್ಷನ್’ ಎಂದು ಕರೆದು ಮಾತ್ರೆ ನುಂಗಬಹುದು. ಅದರಿಂದ ಕಡಿಮೆಯಾದ ಕಾಳು ಗಿರಾಕಿಯ ಮನೆ ಸೇರದು. ಅಚೌರ್ಯಾಣುವ್ರತಕ್ಕೆ ಅತಿಚಾರ ತಂದವನಿಗೆ ಬೇಕಾದದ್ದು ಸಮಾಧಾನವಲ್ಲ, ಕೊಡಬೇಕಾದುದನ್ನು ಕೊಟ್ಟು ಬರುವ ಧೈರ್ಯ.

ಕತ್ತಲಲ್ಲಿ ಬಟ್ಟೆ ತಡಕುವವಳ ಸ್ಥಿತಿ ಬೇರೆ. ಆಕೆಯ ಮೇಲೆ ಇನ್ನೊಂದು ಉಪವಾಸವನ್ನು ಹೇರಿದರೆ ಭಯ ಬೆಳೆಯುತ್ತದೆಯೇ ಹೊರತು ವ್ರತ ಬೆಳೆಯದು. ನಿದ್ರೆ ಕೆಟ್ಟು ವಾರಗಳೇ ಕಳೆದಿದ್ದರೆ ಮನೆಯವರು ವೈದ್ಯರಲ್ಲಿಗೆ ಕರೆದೊಯ್ಯಲಿ. ಬಸದಿಗೆ ಹೋದಾಗ ಆಕೆಯ ಮಾತನ್ನು ಮುನಿಗಳೋ ಮಾತಾಜಿಯವರೋ ಪೂರ್ತಿ ಆಲಿಸಲಿ. ಶ್ರಾವಕರ ನಾಲ್ಕು ದಾನಗಳಲ್ಲಿ ಆಹಾರ, ಶಾಸ್ತ್ರಗಳ ಜೊತೆಗೆ ಔಷಧವೂ ಅಭಯವೂ ಇವೆ. ಆ ಎರಡು ಮನೆಯೊಳಗೇ ಮೊದಲು ಸಲ್ಲಬೇಕಾದ ದಿನಗಳೂ ಇರುತ್ತವೆ.