70 ದಿನ ಮಣ್ಣಿಗೆ ಬಿಡಿ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿಯ ತರಕಾರಿ ಬೆಳೆಗಾರರೇ, ಕೊನೆಯ ಕೊಯ್ಲು ಮುಗಿದ ಟೊಮೆಟೊ ಗಿಡವೊಂದನ್ನು ಬುಡಸಮೇತ ಕಿತ್ತು ಬೇರು ನೋಡಿ. ಶುಂಠಿಯ ಹಾಗೆ ಊದಿಕೊಂಡ ಗಂಟುಗಳಿವೆಯೇ? ಅದು ಜಂತುಹುಳುವಿನ ಕಾಟ. ಟೊಮೆಟೊ ಎದ್ದರೆ ಬದನೆ, ಬದನೆ ಎದ್ದರೆ ಮೆಣಸಿನಕಾಯಿ. ಎಲ್ಲವೂ ಒಂದೇ ಕುಟುಂಬದ ಗಿಡ, ಎಲ್ಲವೂ ಆ ಹುಳುವಿಗೆ ಊಟ. ಹೀಗೆ ಬಿಡುವಿಲ್ಲದೆ ದುಡಿಸಿದ ನೆಲ ಇನ್ನೆಷ್ಟು ದಿನ ತಡೆದೀತು? ಸಾಲ ಮಾಡಿ ಸಾವಿರ ಅಡಿ ಬೋರ್‌ವೆಲ್ ಕೊರೆಸುವ ನಮಗೆ, ಹಸಿರು ಗೊಬ್ಬರಕ್ಕೆಂದು ಎಕರೆಗೆ 20–25 ಕೆಜಿ ಸೆಣಬಿನ ಬೀಜ ಚೆಲ್ಲುವುದು ಭಾರವಾಯಿತೇ?

ಭರಣಿಯೋ ಕೃತ್ತಿಕೆಯೋ, ಒಂದು ಹದ ಮಳೆ ಬೀಳುತ್ತಲೇ ಸೆಣಬು ಚೆಲ್ಲಿ. ತಿಂಗಳು ದಾಟಿದ ಮೇಲೆ ಒಂದು ಗಿಡ ಕೀಳಿ. ಈ ಬೇರಲ್ಲೂ ಗಂಟುಗಳಿರುತ್ತವೆ. ಆದರೆ ಬೆರಳಲ್ಲಿ ಉಜ್ಜಿದರೆ ಉದುರುತ್ತವೆ, ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸುವ ರೈಜೋಬಿಯಂ ಕೆಲಸದಲ್ಲಿದೆ ಎನ್ನುವುದಕ್ಕೆ ಆ ಕೆಂಪೇ ಗುರುತು. 45–50 ದಿನಕ್ಕೆ ಹೂ ಕಾಣುತ್ತಿದ್ದಂತೆ, ಕಾಂಡ ನಾರಾಗುವ ಮುಂಚೆ ರೋಟವೇಟರ್ ಹೊಡೆಸಿ. ಎರಡು ಮೂರು ವಾರ ಕೊಳೆಯಲು ಬಿಟ್ಟು ಆಮೇಲೆ ಸಸಿ ನಾಟಿ ಮಾಡಿ. ಜಂತುಹುಳು ಇರುವ ಹೊಲಕ್ಕೆ ಅಲಸಂದೆಗಿಂತ ಸೆಣಬೇ ವಾಸಿ, ಅದರ ಬೇರಲ್ಲಿ ಈ ಹುಳು ಅಷ್ಟಾಗಿ ಹೆಚ್ಚುವುದಿಲ್ಲ. ಒಂದೇ ವರ್ಷಕ್ಕೆ ನೆಲ ಮೆತ್ತಗಾಗಲಿಲ್ಲವೆಂದು ಕೈಬಿಡಬೇಡಿ.

ಇದು ಯಾರಿಗೂ ಗೊತ್ತಿಲ್ಲದ ವಿದ್ಯೆಯಲ್ಲ. ಹಿರಿಯರು ಗದ್ದೆಗೆ ಹೊಂಗೆ ಸೊಪ್ಪು ತುಳಿದರು, ಹೊಲಕ್ಕೆ ಕೆರೆಗೋಡು ಹೊಡೆದರು. ಈಗ ಅಡ್ಡ ನಿಂತಿರುವುದು ಗುತ್ತಿಗೆ. ಒಂದೆರಡು ಬೆಳೆಗೆಂದು ಜಮೀನು ಹಿಡಿದವನು, ಮುಂದಿನ ವರ್ಷ ಈ ಹೊಲ ತನ್ನ ಕೈಲಿರುತ್ತದೋ ಇಲ್ಲವೋ ಎಂಬ ಅಳುಕಲ್ಲೇ ಇರುತ್ತಾನೆ. ಅವನು ಹೇಗೆ ತಾನೇ 70 ದಿನ ಬಿಟ್ಟಾನು? ಅವನನ್ನು ಬೈಯಲು ನನಗೆ ಮನಸ್ಸು ಬಾರದು.

ಜಮೀನು ಊರಲ್ಲಿಟ್ಟು ಬೆಂಗಳೂರಿನಲ್ಲಿರುವ ಪಟ್ಟಾದಾರರೇ, ಕೇಳಬೇಕಾದವರು ನೀವು. ನಿಮ್ಮಪ್ಪ, ನಿಮ್ಮಜ್ಜ ಬೆವರು ಬಸಿದು ಉಳಿಸಿಕೊಟ್ಟ ನೆಲ ವರ್ಷವರ್ಷವೂ ಬರಡಾಗುತ್ತಿರುವಾಗ, ಅದರ ಗುತ್ತಿಗೆ ಹಣ ಹೇಗೆ ದಕ್ಕೀತು? ಎರಡೂವರೆ ತಿಂಗಳ ಗುತ್ತಿಗೆ ಬಿಟ್ಟುಕೊಡಿ. ಬೀಜದ ಖರ್ಚು, ಉಳುಮೆ ಖರ್ಚು ನೀವೇ ಹಾಕಿ. ಒಂದು ಬೆಳೆಗೆ ಕೊಡುವುದನ್ನು ನಿಲ್ಲಿಸಿ, ಮೂರು ನಾಲ್ಕು ವರ್ಷಕ್ಕೆ ಕೊಡಿ. ಆಗ ಉಳುವವನಿಗೂ ಮಣ್ಣಿನ ಮೇಲೆ ಮನಸ್ಸು ಬರುತ್ತದೆ. ಬರುವ ಯುಗಾದಿಗೆ ಕರಾರು ಬರೆಸುವಾಗ ಸೆಣಬಿನ ಷರತ್ತನ್ನೂ ಸೇರಿಸಿ, ಸಹಿ ಹಾಕಿ.